ರವೆಯ ತಟ್ಟೆಯೂ ಕನ್ನಡದ ಅಕ್ಷರವೂ: ಕತಾರಿನ ಮನೆಗಳಲ್ಲಿ ಕೆಲವು ತಪ್ಪು ಕಲ್ಪನೆಗಳು

ಕತಾರಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಮತ್ತು ಅರಬ್ಬಿ ಲಿಪಿಗಳನ್ನು ಕಲಿಯುತ್ತಾರೆ. ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಹೋಗುವ ಅನೇಕರಿಗೆ ಹಿಂದಿಯೂ ಸೇರಿಕೊಳ್ಳುತ್ತದೆ. ಕನ್ನಡ ಲಿಪಿಯ ಹೊಣೆ ಮಾತ್ರ ಬಹುಮಟ್ಟಿಗೆ ಮನೆಯದಾಗಿಯೇ ಉಳಿಯುತ್ತದೆ. ದೋಹಾದ ಭಾರತೀಯ ಸಾಂಸ್ಕೃತಿಕ ಕೇಂದ್ರದೊಂದಿಗೆ ಸೇರಿ ಕೆಲಸ ಮಾಡುವ ಕರ್ನಾಟಕ ಸಂಘ ಕತಾರ್ ಭಾಷೆಯ ನಂಟನ್ನು ಕಾಪಾಡುತ್ತ ಬಂದಿದ್ದರೂ, ಎಳೆಯ ಮಗುವಿನಿಂದ ಅಕ್ಷರ ತಿದ್ದಿಸುವ ಕೆಲಸ ನಡೆಯಬೇಕಾದದ್ದು ಶುಕ್ರವಾರ, ಶನಿವಾರಗಳ ರಜೆಯಲ್ಲಿ, ತಾಯಿತಂದೆಯರ ಪಕ್ಕದಲ್ಲಿ. ಇದಕ್ಕಾಗಿ ಹಲವರು ಇಂದ್ರಿಯಾನುಭವದ ಆಟವನ್ನು, ಅಂದರೆ ಮರಳು, ರವೆ, ಹಿಟ್ಟಿನ ಉಂಡೆ, ಒರಟು ಕಾಗದ ಮುಂತಾದವನ್ನು ಮುಟ್ಟಿ, ಒತ್ತಿ, ಗೀಚಿ ಅಕ್ಷರದ ರೂಪವನ್ನು ಗುರುತಿಸಿಕೊಳ್ಳುವ ಚಟುವಟಿಕೆಯನ್ನು, ನೆಚ್ಚಿಕೊಂಡಿದ್ದಾರೆ. ಈ ನೆಚ್ಚಿಕೆಗೆ ಆಧಾರವಿದೆ. ಆದರೆ ಅದರ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳು ಮಗುವಿನ ಶ್ರಮವನ್ನು ವ್ಯರ್ಥಗೊಳಿಸುತ್ತವೆ.

ಇದು ಪಶ್ಚಿಮದಿಂದ ಬಂದ ಹೊಸ ಪದ್ಧತಿ ಎಂಬ ಮಾತು ಇತಿಹಾಸಕ್ಕೆ ಒಪ್ಪುವುದಿಲ್ಲ. ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳಿನಿಂದ ಬರೆಸುವ ಅಕ್ಷರಾಭ್ಯಾಸ ಕನ್ನಡ ನಾಡಿನ ಹಳೆಯ ಸಂಸ್ಕಾರ. ಮರಳಿನ ಮೇಲೆ ಬರೆದು ಕಲಿಯುವುದು ದಕ್ಷಿಣ ಭಾರತದ ದೇಶೀ ಶಾಲೆಗಳ ರೂಢಿಯಾಗಿತ್ತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್, ಅಂಥದೊಂದು ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಆ ಕ್ರಮವನ್ನು ತನ್ನ ಶಾಲೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯ ಮೂಲಕ ಅದನ್ನು ಇಂಗ್ಲೆಂಡಿಗೂ ಪರಿಚಯಿಸಿದರು. 1907ರಲ್ಲಿ ರೋಮ್ ನಗರದಲ್ಲಿ ‘ಮಕ್ಕಳ ಮನೆ’ ಎಂಬ ಶಾಲೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿ ಒರಟು ಕಾಗದದ ಅಕ್ಷರಗಳನ್ನು ಬಳಕೆಗೆ ತಂದದ್ದು ಇದಾಗಿ ಒಂದು ಶತಮಾನಕ್ಕೂ ಹೆಚ್ಚು ಕಾಲದ ಅನಂತರ. ಹೀಗಾಗಿ ದೋಹಾದ ಅಡುಗೆಮನೆಯಲ್ಲಿ ಚಿರೋಟಿ ರವೆಯನ್ನು ತಟ್ಟೆಗೆ ಹರಡುವ ತಾಯಿ ತನ್ನ ನಾಡಿನ ಪದ್ಧತಿಯನ್ನೇ ಮುಂದುವರಿಸುತ್ತಿದ್ದಾಳೆ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ತಪ್ಪು ತಿಳಿವಳಿಕೆಯೆಂದರೆ, ಅಕ್ಷರವನ್ನು ಮುಟ್ಟಿದರೆ ಸಾಕು, ಅದು ತಾನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದು. ಫ್ರಾನ್ಸಿನಲ್ಲಿ ಫ್ಲಾರೆನ್ಸ್ ಬಾರಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರವನ್ನು ನೋಡುತ್ತ, ಕೇಳುತ್ತ, ಜೊತೆಗೆ ಬೆರಳಿನಿಂದಲೂ ಪರಿಶೋಧಿಸಿದ ಐದು ವರ್ಷದ ಆಸುಪಾಸಿನ ಮಕ್ಕಳು, ಬರಿಯ ನೋಟ ಮತ್ತು ಶ್ರವಣದಿಂದ ಕಲಿತವರಿಗಿಂತ ಹೊಸ ಪದಗಳನ್ನು ಬಿಡಿಸಿ ಓದುವುದರಲ್ಲಿ ಮುಂದಿದ್ದರು. ಇಲ್ಲಿ ಗಮನಿಸಬೇಕಾದದ್ದು, ಸ್ಪರ್ಶ ಒಂಟಿಯಾಗಿ ಕೆಲಸ ಮಾಡಲಿಲ್ಲ, ರೂಪ ಮತ್ತು ಧ್ವನಿಗಳನ್ನು ಬೆಸೆಯುವ ಸೇತುವೆಯಾಗಿ ಕೆಲಸ ಮಾಡಿತು ಎಂಬ ಅಂಶ. ಅಮೆರಿಕದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ವರದಿ ಮಾಡಿದ ಪ್ರಯೋಗ ಇದಕ್ಕೆ ಇನ್ನೊಂದು ಮುಖ್ಯ ಸಂಗತಿಯನ್ನು ಸೇರಿಸುತ್ತದೆ: ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಲ್ಲಿ, ಓದಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಚುರುಕಾದದ್ದು ಅಕ್ಷರವನ್ನು ಸ್ವತಂತ್ರವಾಗಿ ಬರೆದ ಮೇಲೆಯೇ ಹೊರತು, ಕೀಲಿ ಒತ್ತಿದ ಮೇಲಾಗಲಿ, ಸಿದ್ಧ ಗೆರೆಯ ಮೇಲೆ ತಿದ್ದಿದ ಮೇಲಾಗಲಿ ಅಲ್ಲ. ಮಗು ತಾನೇ ಬರೆದಾಗ ಪ್ರತಿಸಲವೂ ಅಕ್ಷರ ಸ್ವಲ್ಪ ಬೇರೆಯಾಗಿ, ಸೊಟ್ಟಗೆ ಮೂಡುತ್ತದೆ. ಈ ವೈವಿಧ್ಯದಿಂದಲೇ ಯಾವ ಭಾಗ ಬದಲಾದರೂ ಅಕ್ಷರ ಉಳಿಯುತ್ತದೆ, ಯಾವುದು ಬದಲಾದರೆ ಅಳಿಯುತ್ತದೆ ಎಂಬುದನ್ನು ಅದು ಗ್ರಹಿಸುತ್ತದೆಂದು ಆ ಸಂಶೋಧಕರು ಊಹಿಸುತ್ತಾರೆ.

ಕನ್ನಡಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ‘ರ’ಕಾರದ ಒಡಲಲ್ಲಿ ಒಂದು ಚುಕ್ಕೆ ಬಿದ್ದರೆ ‘ಠ’ ಆಗುತ್ತದೆ, ‘ದ’ ಮತ್ತು ‘ಧ’ಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಪುಟ್ಟ ಸೀಳುಗೆರೆ, ‘ಪ’ಕಾರದ ಒಳಗೆ ಗೆರೆ ಎಳೆದರೆ ‘ಷ’, ಅಡಿಯಲ್ಲಿ ಸೀಳಿದರೆ ‘ಫ’. ಅಚ್ಚಿನಲ್ಲಿ ಒತ್ತಿ ತೆಗೆದ ಪ್ಲಾಸ್ಟಿಕ್ ಅಕ್ಷರವನ್ನು ಸವರುವ ಮಗುವಿಗೆ ಈ ಸೂಕ್ಷ್ಮ ಅರಿವಿಗೆ ಬಾರದೆ ಹೋಗಬಹುದು. ರವೆಯಲ್ಲಿ ‘ದ’ ಬರೆದು, ಅದನ್ನು ಅಳಿಸದೆ ಸೀಳುಗೆರೆಯನ್ನು ತಾನೇ ಸೇರಿಸಿ, ಬಾಯಿ ತುಂಬ ‘ಧ’ ಎಂದ ಮಗುವಿಗೆ ಗೆರೆಗೂ ಉಸಿರಿಗೂ ಇರುವ ಸಂಬಂಧ ಕೈಯಲ್ಲಿಯೇ ತಿಳಿಯುತ್ತದೆ. ಆದ್ದರಿಂದ ಒರಟು ಅಕ್ಷರದ ಮೇಲೆ ಬೆರಳಾಡಿಸುವುದು ಮೊದಲ ಹೆಜ್ಜೆಯಾಗಬೇಕು, ಬರಿದಾದ ತಟ್ಟೆಯಲ್ಲಿ ನೆನಪಿನಿಂದ ಬರೆಯುವುದು ಬೇಗನೆ ಅದನ್ನು ಹಿಂಬಾಲಿಸಬೇಕು, ಮತ್ತು ಎರಡು ಹಂತಗಳಲ್ಲಿಯೂ ಅಕ್ಷರದ ಧ್ವನಿ ಕಿವಿಗೆ ಬೀಳುತ್ತಿರಬೇಕು. ಮಾತಿಲ್ಲದೆ ಮಗುವನ್ನು ಮರಳಿನೊಂದಿಗೆ ಬಿಟ್ಟುಬಿಡುವುದರಿಂದ ಬೆರಳುಗಳಿಗೆ ವ್ಯಾಯಾಮ ದೊರೆಯುತ್ತದೆ, ಅದೂ ಒಳ್ಳೆಯದೇ. ಅಕ್ಷರ ಜ್ಞಾನ ಮಾತ್ರ ದೊರೆಯುವುದಿಲ್ಲ.

‘ಅ’ದಿಂದ ‘ಳ’ವರೆಗೆ ವರ್ಣಮಾಲೆಯ ಕ್ರಮದಲ್ಲಿಯೇ ಕಲಿಸಬೇಕೆಂಬ ಹಟವನ್ನೂ ಬಿಡಬಹುದು. ಸ್ವರ, ಯೋಗವಾಹ, ವ್ಯಂಜನಗಳ 49 ಅಕ್ಷರಗಳ ಆ ಜೋಡಣೆ ಉಚ್ಚಾರಣೆಯ ಸ್ಥಾನವನ್ನು ಆಧರಿಸಿದ ಅಪೂರ್ವ ಶಾಸ್ತ್ರೀಯ ವ್ಯವಸ್ಥೆ ನಿಜ, ಆದರೆ ಎಳೆಯ ಕೈಯ ಅಗತ್ಯ ಬೇರೆ. ಕರ್ನಾಟಕದ ಒಂದನೆಯ ತರಗತಿಗಳಲ್ಲಿ ಬಳಕೆಗೆ ಬಂದಿರುವ ‘ರ, ಗ, ಸ, ದ, ಅ’ ಎಂಬ ಕ್ರಮ ಇದನ್ನು ಮನಗಂಡದ್ದು: ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಂಬ ಪೂರ್ಣ ಪದಗಳು ಮಗುವಿನ ಕೈಗೆ ಸಿಗುತ್ತವೆ. ಕನ್ನಡ ಬೋರ್ಡುಗಳು ಕಣ್ಣಿಗೆ ಬೀಳದ ದೋಹಾದಂತಹ ಊರಿನಲ್ಲಿ, ತಾನು ಬರೆದದ್ದು ಮನೆಯ ಮಾತೇ ಎಂಬ ಸಂತೋಷ ಬೇಗ ದೊರೆಯುವುದು ಅತ್ಯಂತ ಅಗತ್ಯ.

ಹಲವು ಲಿಪಿಗಳು ಒಟ್ಟಿಗೆ ಬಂದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂಬ ಭಯದಿಂದ ಕನ್ನಡವನ್ನೇ ಮುಂದೂಡುವ ಮನೆಗಳಿವೆ. ಇದು ನೋವಿನ ಸಂಗತಿ, ಏಕೆಂದರೆ ಮುಂದೂಡಿದ ಲಿಪಿ ಎಷ್ಟೋ ಸಲ ಕೈಬಿಟ್ಟ ಲಿಪಿಯಾಗುತ್ತದೆ. ಲಂಡನ್ನಿನಲ್ಲಿ ಇಂಗ್ಲಿಷಿನ ಜೊತೆಗೆ ಚೀನೀ, ಅರಬ್ಬಿ ಅಥವಾ ಸ್ಪ್ಯಾನಿಷ್ ಬರೆಯಲು ಕಲಿಯುತ್ತಿದ್ದ ಆರು ವರ್ಷದ ಮಕ್ಕಳನ್ನು ಕುರಿತ ಚಾರ್ಮಿಯನ್ ಕೆನ್ನರ್ ಅವರ 2004ರ ಪುಸ್ತಕ, ಆ ಮಕ್ಕಳು ಪ್ರತಿ ಲಿಪಿಯನ್ನೂ ಅದರದೇ ನಿಯಮಗಳುಳ್ಳ ಬೇರೆ ವ್ಯವಸ್ಥೆಯೆಂದು ಗ್ರಹಿಸಬಲ್ಲರೆಂದು ತೋರಿಸುತ್ತದೆ. ಅರಬ್ಬಿ ಬಲದಿಂದ ಎಡಕ್ಕೆ ಹರಿಯುವುದರಿಂದ, ಕನ್ನಡದ ತಟ್ಟೆಯ ಎಡ ಅಂಚಿಗೆ ಒಂದು ಬಣ್ಣದ ಗುರುತು ಅಂಟಿಸಿದರೆ ಎಲ್ಲಿಂದ ಬರೆಯಬೇಕೆಂದು ನೆನಪಿಸಲು ನೆರವಾದೀತು. ಇಂಥದೇ ಇನ್ನೊಂದು ನಂಬಿಕೆಯಾದ, ಕೆಲವು ಮಕ್ಕಳು ಸ್ಪರ್ಶದಿಂದ, ಕೆಲವರು ನೋಟದಿಂದ ಮಾತ್ರ ಕಲಿಯುತ್ತಾರೆಂಬ ‘ಕಲಿಕೆಯ ಶೈಲಿ’ಯ ವಾದಕ್ಕೂ ತಕ್ಕ ಪುರಾವೆಯಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲಿಯೇ ವಿಮರ್ಶಿಸಿ ಹೇಳಿದ್ದಾರೆ.

ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವ ತಿಂಗಳುಗಳಲ್ಲಿ ಆಟವೆಲ್ಲ ಮನೆಯೊಳಗೇ ನಡೆಯುವುದರಿಂದ ಸುರಕ್ಷತೆಯ ಮಾತು ಅವಶ್ಯ. ಅಡುಗೆಮನೆಯ ವಸ್ತುಗಳೆಲ್ಲ ನಿರಪಾಯ ಎಂಬುದು ತಪ್ಪು: ಕಡಲೆ, ಹುರುಳಿ, ಅವರೆಯಂತಹ ಕಾಳುಗಳು ಮೂರು ವರ್ಷದೊಳಗಿನ ಮಗುವಿನ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಲ್ಲವು. ಅಂಗಡಿಯಲ್ಲಿ ದೊರೆಯುವ, ನೀರಿನಲ್ಲಿ ಉಬ್ಬುವ ಜೆಲ್ ಮಣಿಗಳನ್ನಂತೂ ಮನೆಗೆ ತರಲೇಬಾರದು; ನುಂಗಿದರೆ ಅವು ಕರುಳಿನಲ್ಲಿ ಹಿಗ್ಗಿ ದಾರಿ ಕಟ್ಟುತ್ತವೆ.

ವರ್ಣಮಾಲೆ ಮುಗಿದರೆ ಲಿಪಿಯ ಕಲಿಕೆ ಮುಗಿಯಿತೆಂಬ ಎಣಿಕೆಯೂ ನಿಲ್ಲುವುದಿಲ್ಲ. ಕನ್ನಡದಲ್ಲಿ ಬರವಣಿಗೆಯ ಘಟಕ ಬಿಡಿ ಧ್ವನಿಯಲ್ಲ, ವ್ಯಂಜನ ಮತ್ತು ಸ್ವರ ಕೂಡಿದ ಅಕ್ಷರ. ಕಾಗುಣಿತ ಮತ್ತು ಒತ್ತಕ್ಷರಗಳಿಂದ ಅದರ ರೂಪಗಳು ನೂರುಗಳ ಲೆಕ್ಕದಲ್ಲಿ ಬೆಳೆಯುತ್ತವೆ. ಕನ್ನಡ ಓದುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ರೂಪಗಳ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಹಬ್ಬಿರುತ್ತದೆಂದು ತೋರಿಸಿದೆ. ಆದ್ದರಿಂದ ಐದನೆಯ ವಯಸ್ಸಿಗೆ ರವೆಯ ತಟ್ಟೆಯನ್ನು ಎತ್ತಿಡುವ ಅಗತ್ಯವಿಲ್ಲ. ಒಂದು ‘ಕ’ ಬರೆಸಿ, ಗೋಧಿಹಿಟ್ಟಿನ ಎಳೆಗಳಿಂದ ಕೊಂಬು, ಗುಡಿಸು, ಏತ್ವಗಳನ್ನು ಹೊಸೆದು ಅದಕ್ಕೆ ಒಂದೊಂದಾಗಿ ಹಚ್ಚುತ್ತ, ತೆಗೆಯುತ್ತ, ಪ್ರತಿ ಬದಲಾವಣೆಗೂ ಕು, ಕಿ, ಕೆ ಎಂದು ಮಗುವೇ ಉಚ್ಚರಿಸುವಂತೆ ಮಾಡಿದರೆ, ಅದೇ ಆಟ ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೂ ಸಲ್ಲುತ್ತದೆ.