ನೀರಿಗೆ ಹಾಕಿದರೆ ಬದುಕುವ ‘ಸಂಜೀವಿನಿ’: ಕಾಂಡದೊಳಗೆ ಜೀವರಸ ಇದೆಯೇ?

ಒಣಗಿ ಮುದುಡಿದ ಗಿಡವನ್ನು ನೀರಿಗೆ ಹಾಕುತ್ತಾರೆ. ಕೆಲವು ಗಂಟೆಗಳಲ್ಲಿ ಅದು ಬಿಚ್ಚಿಕೊಂಡು ಹಸಿರಾಗುತ್ತದೆ. ‘ಇದೇ ರಾಮಾಯಣದ ಸಂಜೀವಿನಿ. ಕಾಂಡದಲ್ಲಿರುವ ಜೀವರಸ ಎಲ್ಲ ಕಾಯಿಲೆಗೂ ಮದ್ದು’ ಎಂಬ ಮಾತಿನೊಂದಿಗೆ ಇಂಥ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಗಿಡ ಹಸಿರಾಗುವುದು ನಿಜ. ಉಳಿದದ್ದನ್ನು ನೋಡೋಣ.

ಇದು ಯಾವ ಗಿಡ?

ಹೆಸರು ಸೆಲಾಜಿನೆಲ್ಲ ಬ್ರಯಾಪ್ಟೆರಿಸ್. ಹೂವು, ಬೀಜ ಎರಡೂ ಇಲ್ಲ. ಇದರ ವಂಶ 40 ಕೋಟಿ ವರ್ಷಕ್ಕೂ ಹಳೆಯದು. ಮಳೆಗಾಲದಲ್ಲಿ ಬೇಲೂರಿನಿಂದ ಮೂಡಿಗೆರೆ, ಸಕಲೇಶಪುರದ ಕಡೆ ಹೋದರೆ ಇದರ ಬಳಗದ ಬೇರೆ ಗಿಡಗಳು ತೇವದ ದರೆಗಳ ಮೇಲೆ ಕಾಣುತ್ತವೆ.

ಕಾಂಡ ಕತ್ತರಿಸಿದರೆ?

ಸೂಕ್ಷ್ಮದರ್ಶಕದಲ್ಲಿ ಈ ಬಳಗದ ಕಾಂಡದ ಅಡ್ಡಸೀಳನ್ನು ನೋಡಿದರೆ ಸೈಕಲ್ ಚಕ್ರ ನೆನಪಾಗುತ್ತದೆ. ಸುತ್ತ ಗಟ್ಟಿ ಹೊರಪದರ, ಒಳಗೆ ಗಾಳಿಯ ಜಾಗ, ನಡುವೆ ನೀರು ಮತ್ತು ಆಹಾರ ಸಾಗಿಸುವ ಎಳೆ. ಚಕ್ರದ ಕಡ್ಡಿಗಳಂತೆ ಉದ್ದನೆಯ ಜೀವಕೋಶಗಳು ಆ ಎಳೆಯನ್ನು ಹಿಡಿದಿರುತ್ತವೆ. ಹೆಚ್ಚಿನ ಜಾತಿಗಳಲ್ಲಿ ಎಳೆಯ ನಡುವೆ ತಿರುಳೂ ಇಲ್ಲ. ನೀರು ಸಾಗಿಸುವ ಕ್ಸೈಲಂ ಮಧ್ಯದಲ್ಲಿ, ಆಹಾರ ಸಾಗಿಸುವ ಫ್ಲೋಯಂ ಅದರ ಸುತ್ತ. ಅಂದರೆ ಇರುವುದು ಸಾಗಣೆಯ ಕೊಳವೆ ಮಾತ್ರ. ‘ಜೀವರಸ’ದ ಉಗ್ರಾಣ ಎಲ್ಲೂ ಇಲ್ಲ.

ಹಾಗಾದರೆ ಬದುಕುವುದು ಹೇಗೆ?

ಅದು ಸತ್ತೇ ಇರುವುದಿಲ್ಲ. ನೀರು ಆರಿದಾಗ ಕೆಲವು ಸಕ್ಕರೆಗಳು ಮತ್ತು ಪ್ರೋಟೀನುಗಳು ಜೀವಕೋಶ ಹಾಳಾಗದಂತೆ ಕಾಯುತ್ತವೆ, ಗಿಡದ ಕೆಲಸ ನಿಂತಿರುತ್ತದೆ. ನೀರು ಸಿಕ್ಕಾಗ ಮತ್ತೆ ಶುರುವಾಗುತ್ತದೆ. ಮೆಕ್ಸಿಕೊದ ಸೋದರ ಗಿಡವಂತೂ ನಿಜವಾಗಿ ಸತ್ತ ಮೇಲೂ ನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ! ಬಿಚ್ಚಿಕೊಂಡ ಮಾತ್ರಕ್ಕೆ ಜೀವ ಬಂತೆಂದಲ್ಲ.

ಔಷಧವೇ?

2009ರಲ್ಲಿ ಬೆಂಗಳೂರಿನ ಕೆ. ಎನ್. ಗಣೇಶಯ್ಯ ಮತ್ತು ಸಂಗಡಿಗರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಸಂಜೀವಿನಿ ಯಾವುದಿರಬಹುದೆಂದು ಚರ್ಚಿಸಿದಾಗ ಈ ಗಿಡದ ಹೆಸರೂ ಬಂದಿತ್ತು. ಅದು ಗುರುತಿನ ಹುಡುಕಾಟ, ಔಷಧದ ಪರೀಕ್ಷೆಯಲ್ಲ. 2005ರ ಒಂದು ಅಧ್ಯಯನದಲ್ಲಿ ಇದರ ಸಾರ ಕೀಟ ಮತ್ತು ಇಲಿಯ ಜೀವಕೋಶಗಳಿಗೆ ರಕ್ಷಣೆ ಕೊಟ್ಟಿತ್ತು. ಗಾಜಿನ ತಟ್ಟೆಯಲ್ಲಿನ ಜೀವಕೋಶ ಬೇರೆ, ಮನೆಯ ರೋಗಿ ಬೇರೆ.

ನಮ್ಮ ತೀರ್ಮಾನ

ಗಿಡ ಹಸಿರಾಗುವುದು ನಿಜ, ‘ಎಲ್ಲ ಕಾಯಿಲೆಗೂ ಮದ್ದು’ ಎಂಬುದು ಸುಳ್ಳು. ಇದನ್ನು ನಂಬಿ ಯಾರಾದರೂ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ನಿಲ್ಲಿಸಿದರೆ ಅಪಾಯ ಅವರಿಗೇ. ವಿಡಿಯೊ ಕಳಿಸಿದವರಿಗೆ ಈ ಲೇಖನವನ್ನೂ ಕಳಿಸಿ.