ಪುಸ್ತಕದಲ್ಲಿ ಬರೆಯದ ಕಡ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಮಂಗಳೂರಿನ ಅಂಗಡಿ ಬೀದಿಗೆ ಬೇರೆಯೇ ಕಳೆ. ದೀಪಾವಳಿಗೆ ಗೂಡುದೀಪ ತೂಗಿದ್ದ ಅದೇ ಕೊಕ್ಕೆಗೆ ಈಗ ಕಾಗದದ ನಕ್ಷತ್ರ. ಬೇಕರಿಗಳ ಮುಂದೆ ಕೇಕಿನ ರಾಶಿ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸಂಜೆ ಬಸ್ಸಿಗೆ ನುಗ್ಗುವವರ ಕೈಯಲ್ಲಿ ಮಾಮೂಲಿ ತರಕಾರಿ ಚೀಲದ ಜೊತೆಗೆ ಇನ್ನೊಂದು ಚೀಲ. ಅದರೊಳಗೆ ಮೈದಾ, ಎಳ್ಳು, ಬೆಲ್ಲ, ತೆಂಗಿನಕಾಯಿ. ಮನೆಯಲ್ಲಿ ಕುಸ್ವಾರ್ ಕೆಲಸ ಶುರುವಾಗಿದೆ ಅಂತ ತಿಳಿಯಬೇಕು.

ಕುಸ್ವಾರ್ ಅಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ... ಕ್ರೈಸ್ತರ ಮನೆಗಳಲ್ಲಿ ದಿನಗಟ್ಟಲೆ ಕೂತು ಕರಿದು, ಡಬ್ಬ ತುಂಬಿಸಿ, ಹಬ್ಬದ ಹೊತ್ತಿಗೆ ತಟ್ಟೆಯಲ್ಲಿ ಜೋಡಿಸಿ ನೆರೆಕರೆಗೆ ಕಳಿಸುವ ತಿಂಡಿ. ಆ ತಟ್ಟೆ ಭಟ್ಟರ ಮನೆಗೂ ಹೋಗುತ್ತದೆ, ಶೆಟ್ಟರ ಮನೆಗೂ ಹೋಗುತ್ತದೆ, ಬ್ಯಾರಿಗಳ ಮನೆಗೂ ಹೋಗುತ್ತದೆ. ಹೋದ ತಟ್ಟೆ ಖಾಲಿ ವಾಪಸ್ ಬರಬಾರದು ಎಂಬುದು ನಮ್ಮ ಕಡೆಯ ಹಳೇ ಕಾನೂನು. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಅಷ್ಟಮಿಗೋ, ದೀಪಾವಳಿಗೋ, ಪೆರ್ನಾಳಿಗೋ ತಟ್ಟೆ ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಯಾರು ಯಾರಿಗೆ ಎಷ್ಟು ಚಕ್ಕುಲಿ ಬಾಕಿ ಎಂದು ಇಂದಿಗೂ ಯಾವ ಪುಸ್ತಕದಲ್ಲೂ ಬರೆದಿಟ್ಟವರಿಲ್ಲ!

ಅಂಗಡಿ ಇಟ್ಟವರಿಗೆ ಕಡದ ಪುಸ್ತಕ ಗೊತ್ತು. ಅದರಲ್ಲಿ ಬರೆದ ಸಾಲ ತೀರಿದರೆ ಗೆರೆ ಹೊಡೆದು ಮುಗಿಸುತ್ತಾರೆ. ಬರೆಯದೇ ಹೋದ ಸಾಲದ ದಾರಿಯೇ ಬೇರೆ. ಅದು ಕೊಟ್ಟವನ ತಲೆಯಿಂದ ಇಳಿದು ಪಡೆದವನ ತಲೆಗೆ ಏರಿ ಕೂರುತ್ತದೆ. ಕ್ರಿಸ್ಮಸ್ ಹಬ್ಬದ ಒಳಗುಟ್ಟು ಇದೇ ಎನ್ನುವುದಕ್ಕೆ ದೂರದ ದೇಶಗಳಲ್ಲಿ ನಿಜವಾಗಿ ನಡೆದ ಎರಡು ವ್ಯವಹಾರಗಳನ್ನು ಇವತ್ತು ಹೇಳಬೇಕಾಗಿದೆ. ಒಂದು ಸಣ್ಣ ಹೋಟ್ಲಿನದು. ಇನ್ನೊಂದು ರೈಲಿನದು.

ಹೋಟ್ಲಿನ ನೆಲದ ಮೇಲೆ ಇಪ್ಪತ್ತು ಡಾಲರ್

1971. ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಹೂಸ್ಟನ್ ಎಂಬ ಸಣ್ಣ ಪೇಟೆ. ಟೆಕ್ಸಾಸಿನ ದೊಡ್ಡ ಹೂಸ್ಟನ್ ಅಲ್ಲ, ಇದು ಅದೇ ಹೆಸರಿನ ಬಡ ಊರು. ಲ್ಯಾರಿ ಸ್ಟೀವರ್ಟ್ ಎಂಬ ತರುಣ, ಊರೂರು ತಿರುಗಿ ಸಾಮಾನು ಮಾರುವ ಕೆಲಸದವನು, ಅಲ್ಲಿ ಸಿಕ್ಕಿಹಾಕಿಕೊಂಡಿದ್ದ. ಕೆಲಸ ಕೊಟ್ಟ ಕಂಪೆನಿಯೇ ಮುಳುಗಿಹೋಗಿತ್ತು. ಕೈಯಲ್ಲಿ ಬಿಡಿಗಾಸಿಲ್ಲ. ಮಲಗುವುದು ಕಾರಿನಲ್ಲಿ. ಹೊಟ್ಟೆಗೆ ಬಿದ್ದು ಎರಡು ದಿನವಾಗುತ್ತ ಬಂದಿತ್ತು.

ಹಸಿವು ತಡೆಯಲಾರದೆ ಡಿಕ್ಸಿ ಡೈನರ್ ಎಂಬ ಹೋಟ್ಲಿಗೆ ನುಗ್ಗಿ ಹೊಟ್ಟೆ ತುಂಬ ತಿಂದ. ಬಿಲ್ಲು ಬಂದಾಗ ಪರ್ಸು ಕಳೆದುಹೋದವನ ಹಾಗೆ ಜೇಬು ತಡಕುವ ನಾಟಕ ಶುರು ಮಾಡಿದ. ಇಂಥ ನಾಟಕ ನೋಡದ ಹೋಟ್ಲಿನವರು ಯಾವ ಊರಲ್ಲಿದ್ದಾರೆ, ಹೇಳಿ! ನಮ್ಮಲ್ಲಾದರೆ ಹಿಟ್ಟು ರುಬ್ಬಲು ಕೂರಿಸುತ್ತಾರೆ ಎಂಬ ಹಳೇ ತಮಾಷೆ ಇದೆ.

ಆ ಹೋಟ್ಲಿನ ಧಣಿ ಟೆಡ್ ಹಾರ್ನ್ ಏನು ಮಾಡಿದರು ಗೊತ್ತೇ? ಹುಡುಗನ ಹತ್ತಿರ ಬಂದು ಬಗ್ಗಿದರು. ನೆಲದಿಂದ ಹೆಕ್ಕಿದ ಹಾಗೆ ಮಾಡಿ 20 ಡಾಲರಿನ ಒಂದು ನೋಟು ಎತ್ತಿ ಹಿಡಿದರು. ನಿಮ್ಮದೇ ಬಿದ್ದಿರಬೇಕು ಅಂತ ಅವನ ಕೈಗೇ ಕೊಟ್ಟರು. ಆಗಿನ ದರದಲ್ಲಿ ನಮ್ಮ ಸುಮಾರು 150 ರೂಪಾಯಿ. ಹುಡುಗ ಅದೇ ನೋಟಿನಿಂದ ಬಿಲ್ಲು ಕೊಟ್ಟ, ತಲೆ ಎತ್ತಿಕೊಂಡೇ ಹೊರಗೆ ಬಂದ, ಕಾರಿಗೆ ಪೆಟ್ರೋಲು ಹಾಕಿಸಿಕೊಂಡು ಊರು ಬಿಟ್ಟ. ನೋಟು ಬಿದ್ದದ್ದಲ್ಲ, ಕೊಟ್ಟದ್ದು ಎಂದು ಅವನಿಗೆ ಹೊಳೆದದ್ದು ಆಮೇಲೆ.

ಕಷ್ಟದ ಆ ದಿನಗಳಲ್ಲೇ ಸ್ಟೀವರ್ಟ್ ಒಂದು ಚರ್ಚಿಗೂ ಹೋಗಿ ಸಹಾಯ ಕೇಳಿದ್ದನಂತೆ. ಸಹಾಯ ಮಾಡುವವರು ಮನೆಗೆ ಹೋಗಿಯಾಯಿತು, ನಾಳೆ ಬಾ ಎಂಬ ಉತ್ತರ ಸಿಕ್ಕಿತು. ನಾಳೆ ಅವನು ಹೋಗಲಿಲ್ಲ. ಇನ್ನೊಮ್ಮೆ ಕೈ ಚಾಚುವುದು ತನ್ನಿಂದ ಆಗದು ಎಂದು ಅವತ್ತೇ ತೀರ್ಮಾನವಾಗಿತ್ತು. ‘ಇಂದು ನಗದು, ನಾಳೆ ಕಡ’ ಎಂಬ ಬೋರ್ಡು ನಮ್ಮ ಅಂಗಡಿಗಳಲ್ಲಿ ತಮಾಷೆಗೆ ತೂಗುತ್ತದೆ. ಹಸಿದವನಿಗೆ ಮಾತ್ರ ‘ನಾಳೆ’ ಎಂಬ ಮಾತು ತಮಾಷೆಯಲ್ಲ ಸ್ವಾಮಿ.

ಸಾಂತಾ ಯಾರೆಂದು ಗೊತ್ತಿರಲಿಲ್ಲ

ಸ್ಟೀವರ್ಟ್ ಕನ್ಸಾಸ್ ಸಿಟಿ ಸೇರಿದ. 1979ರ ಡಿಸೆಂಬರಿನಲ್ಲಿ ಕ್ರಿಸ್ಮಸ್ ಎದುರಿಗೇ ಕೆಲಸ ಹೋಯಿತು. ಹಿಂದಿನ ವರ್ಷವೂ ಇದೇ ಸಮಯಕ್ಕೆ ಹೀಗೇ ಆಗಿತ್ತು. ತಲೆ ಮೇಲೆ ಕೈಹೊತ್ತು, ಕಾರಿನಲ್ಲೇ ಕೂತು ತಿನ್ನುವಂಥ ಒಂದು ಹೋಟ್ಲಿನ ಮುಂದೆ ನಿಂತಿದ್ದಾಗ ತಿಂಡಿ ತಂದುಕೊಟ್ಟ ಹೆಂಗಸನ್ನು ನೋಡಿದ. ಮೈ ಕೊರೆಯುವ ಚಳಿಯಲ್ಲಿ ತೆಳ್ಳನೆಯ ಕೋಟು. ನಾಲ್ಕು ಚಿಲ್ಲರೆ ಕಾಸಿಗಾಗಿ ಕಾರಿನಿಂದ ಕಾರಿಗೆ ಓಡುವ ಕೆಲಸ. ತನಗಿಂತ ಕಷ್ಟದವರು ಇದ್ದಾರಲ್ಲ ಅನ್ನಿಸಿ 20 ಡಾಲರ್ ಕೊಟ್ಟು, ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದ. ಆಕೆಯ ಕಣ್ಣಲ್ಲಿ ನೀರು ಬಂತು. ಕೆಲಸ ಕಳೆದುಕೊಂಡಿದ್ದ ಈ ಪುಣ್ಯಾತ್ಮ ನೆಟ್ಟಗೆ ಬ್ಯಾಂಕಿಗೆ ಹೋದ, 200 ಡಾಲರ್ ತೆಗೆದ, ಊರೆಲ್ಲ ತಿರುಗಿ ಕಷ್ಟದಲ್ಲಿರುವಂತೆ ಕಂಡವರಿಗೆ ಹಂಚಿದ.

ಮುಂದೆ ಕೇಬಲ್ ಟಿ.ವಿ. ಮತ್ತು ಟೆಲಿಫೋನು ವ್ಯವಹಾರದಲ್ಲಿ ಸ್ಟೀವರ್ಟ್ ಶ್ರೀಮಂತರಾದರು. ಡಿಸೆಂಬರ್ ಬಂದರೆ ಹಳೇ ಬಟ್ಟೆ ಅಂಗಡಿ, ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ, ಸಣ್ಣ ಹೋಟ್ಲುಗಳಿಗೆ ಹೋಗಿ ಅಪರಿಚಿತರ ಕೈಗೆ ನೂರು ಡಾಲರ್ ನೋಟು ಇಟ್ಟು ಹೊರಟುಬಿಡುತ್ತಿದ್ದರು. ಅರ್ಜಿ ಇಲ್ಲ, ಶಿಫಾರಸು ಪತ್ರ ಇಲ್ಲ, ವೇದಿಕೆ ಇಲ್ಲ. ಹೆಸರೂ ಇಲ್ಲ. ಜನ ‘ಸೀಕ್ರೆಟ್ ಸಾಂತಾ’ ಎಂದರು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಉರುಳಿದ ವರ್ಷ ಅಲ್ಲಿಗೆ ಹೋದರು. 2005ರಲ್ಲಿ ಕತ್ರಿನಾ ಚಂಡಮಾರುತ ಬಡಿದ ಮಿಸಿಸಿಪಿಗೆ, ತನ್ನದೇ ತವರಿಗೆ, ಹೋದರು. 26 ವರ್ಷಗಳಲ್ಲಿ ಹೀಗೆ ಹಂಚಿದ್ದು ಸುಮಾರು 13 ಲಕ್ಷ ಡಾಲರ್.

ಹಾರ್ನ್ ಅವರನ್ನು ಮರೆತರೇ? ಇಲ್ಲ. 1999ರಲ್ಲಿ ಆ ಮುದುಕರನ್ನು ಪತ್ತೆಮಾಡಿ ಮನೆಗೆ ಹೋಗಿ 10,000 ಡಾಲರ್ ಕೊಟ್ಟರು. 28 ವರ್ಷದ ಹಿಂದಿನ 20 ಡಾಲರಿನ ಬಾಬ್ತು! ಯಾವ ಬಡ್ಡಿ ಲೆಕ್ಕಕ್ಕೂ ಸಿಗದ ಮೊತ್ತ.

2006ರಲ್ಲಿ ಸ್ಟೀವರ್ಟ್ ಅವರಿಗೆ ಅನ್ನನಾಳದ ಕ್ಯಾನ್ಸರ್. ಅದೇ ನವೆಂಬರಿನಲ್ಲಿ ತಮ್ಮ ಹೆಸರನ್ನು ತಾವೇ ಬಹಿರಂಗಪಡಿಸಿದರು. ಕಾರಣ, ಟ್ಯಾಬ್ಲಾಯ್ಡ್ ಪತ್ರಿಕೆಯೊಂದು ಗುಟ್ಟು ರಟ್ಟು ಮಾಡಲು ಹೊರಟಿತ್ತಂತೆ. ನಮ್ಮ ಜಾತಿಯ ಪತ್ರಿಕೆಗಳು ಎಲ್ಲ ಊರಲ್ಲೂ ಇರುತ್ತವೆ ನೋಡಿ! 2007ರ ಜನವರಿ 12ರಂದು ಅವರು ತೀರಿಕೊಂಡರು. ವಯಸ್ಸು 58. ಆ ಹೊತ್ತಿಗೆ ಬೇರೆಯವರು ಅವರ ಕೆಲಸವನ್ನು ಹೆಗಲಿಗೇರಿಸಿಕೊಂಡಾಗಿತ್ತು, ಹೆಸರು ಹೇಳದೆಯೇ.

ಸಾಂತಾ ಕ್ಲಾಸಿನ ಮೂಲ ಕತೆಯೂ ಇಂಥದ್ದೇ. ಈಗಿನ ಟರ್ಕಿ ದೇಶದ ಮೈರಾ ಎಂಬಲ್ಲಿ ನಾಲ್ಕನೇ ಶತಮಾನದಲ್ಲಿ ಬಿಷಪರಾಗಿದ್ದ ಸಂತ ನಿಕೊಲಾಸ್. ಮೂರು ಹೆಣ್ಣುಮಕ್ಕಳ ಬಡ ತಂದೆಯೊಬ್ಬ ವರದಕ್ಷಿಣೆಗೆ ಗತಿಯಿಲ್ಲದೆ ಕೂತಿದ್ದಾಗ, ರಾತ್ರಿ ಹೊತ್ತು ಅವನ ಕಿಟಕಿಯಿಂದ ಚಿನ್ನದ ಗಂಟು ಒಳಗೆಸೆದು ಹೋದರು ಎಂದು ಐತಿಹ್ಯ. ಹಗಲು ಬಾಗಿಲು ತಟ್ಟಿ ಕೊಡಬಹುದಿತ್ತು. ಕೊಡಲಿಲ್ಲ. ಆ ತಂದೆ ಮರುದಿನ ಊರಲ್ಲಿ ತಲೆ ಎತ್ತಿ ತಿರುಗಬೇಕಲ್ಲ!

ಉತ್ತರ ಬರದಿದ್ದರೂ ಹೊರಟ ರೈಲು

ಎರಡನೇ ವ್ಯವಹಾರ ಊರಿಗೂ ಊರಿಗೂ ನಡೆದದ್ದು. ಕೆನಡಾದ ಹ್ಯಾಲಿಫ್ಯಾಕ್ಸ್, ನಮ್ಮ ಹಾಗೆಯೇ ಬಂದರು ಪಟ್ಟಣ. 1917ರ ಡಿಸೆಂಬರ್ 6, ಬೆಳಿಗ್ಗೆ. ಮೊದಲ ಮಹಾಯುದ್ಧದ ಕಾಲ. ಮದ್ದುಗುಂಡು ತುಂಬಿದ್ದ ಮೋಂಟ್ ಬ್ಲಾಂಕ್ ಎಂಬ ಫ್ರೆಂಚ್ ಹಡಗಿಗೆ ಇಮೋ ಎಂಬ ನಾರ್ವೆಯ ಹಡಗು ಡಿಕ್ಕಿಯಾಯಿತು. ಬೆಂಕಿ ಎದ್ದಿತು. ಏನಿದು ಎಂದು ಜನ ಮನೆ ಕಿಟಕಿಗಳಲ್ಲಿ ನಿಂತು ನೋಡತೊಡಗಿದರು. ಒಂಬತ್ತು ಗಂಟೆ ದಾಟಿ ನಾಲ್ಕೈದು ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು 1,800 ಮಂದಿ ಸತ್ತರು, 9,000 ಮಂದಿಗೆ ಗಾಯ. ಕಿಟಕಿಯಲ್ಲಿದ್ದ ನೂರಾರು ಜನರ ಕಣ್ಣಿಗೆ ಗಾಜು ಹೊಕ್ಕಿತು.

ಬಂದರಿನ ಹತ್ತಿರದ ರೈಲ್ವೆ ಕಚೇರಿಯಲ್ಲಿ ವಿನ್ಸ್ ಕೋಲ್ಮನ್ ಎಂಬ ನೌಕರನಿದ್ದ. ಅಪಾಯದ ಸುದ್ದಿ ಸಿಕ್ಕಿತ್ತು, ಓಡಿಹೋಗಬಹುದಿತ್ತು. ಊರಿಗೆ ಬರುವ ರೈಲು ತಡೆಯಿರಿ ಎಂದು ತಂತಿ ಕಳಿಸಲು ಮತ್ತೆ ತನ್ನ ಮೇಜಿಗೆ ಹೋದ. ಅಲ್ಲೇ ಸತ್ತ.

ಸುದ್ದಿ ಅಮೆರಿಕದ ಬಾಸ್ಟನ್ ಊರಿಗೆ ಅವತ್ತೇ ಹೋಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಸ್ಯಾಮ್ಯುಯೆಲ್ ಮೆಕ್‌ಕಾಲ್ ಅವರು, ಏನು ಸಹಾಯ ಬೇಕು ಹೇಳಿ ಎಂದು ಹ್ಯಾಲಿಫ್ಯಾಕ್ಸ್ ಮೇಯರಿಗೆ ತಂತಿ ಕೊಟ್ಟರು. ಉತ್ತರವಿಲ್ಲ. ಇನ್ನೊಂದು ತಂತಿ ಕೊಟ್ಟರು. ಉತ್ತರವಿಲ್ಲ. ಉರುಳಿದ ಊರಲ್ಲಿ ಉತ್ತರ ಬರೆಯುವವರು ಯಾರು? ಕಡತ ಮುಂದೆ ಹೋಗಲು ಕೋರಿಕೆ ಪತ್ರ ಬರಲಿ ಎಂದು ಅವರು ಕಾಯಲಿಲ್ಲ. ಡಾಕ್ಟರು, ನರ್ಸು, ಔಷಧಿ ತುಂಬಿಕೊಂಡು ಅದೇ ರಾತ್ರಿ ಹತ್ತು ಗಂಟೆ ಸುಮಾರಿಗೆ ರೈಲು ಹೊರಟೇಬಿಟ್ಟಿತು. ಸಾವಿರ ಕಿಲೋಮೀಟರಿಗೂ ಮಿಕ್ಕಿದ ಹಾದಿ. ದಾರಿಯಲ್ಲಿ ಹಿಮದ ಬಿರುಗಾಳಿ. ಹಳಿ ಮುಚ್ಚಿದ ಹಿಮವನ್ನು ಸಲಿಕೆಯಲ್ಲಿ ಬಾಚಿ ತೆಗೆದು, 8ನೇ ತಾರೀಕು ಬೆಳಗಿನ ಜಾವ ಹ್ಯಾಲಿಫ್ಯಾಕ್ಸ್ ಮುಟ್ಟಿದರು.

1918ರಲ್ಲಿ ಹ್ಯಾಲಿಫ್ಯಾಕ್ಸಿನವರು ಬಾಸ್ಟನ್ನಿಗೆ ಒಂದು ಕ್ರಿಸ್ಮಸ್ ಮರ ಕಳಿಸಿಕೊಟ್ಟರು. ಉಪಕಾರ ಸ್ಮರಣೆಗೆ. 1971ರಲ್ಲಿ ಆ ಸೀಮೆಯ ಮರ ಬೆಳೆಗಾರರು ಪದ್ಧತಿಯನ್ನು ಮತ್ತೆ ಎಬ್ಬಿಸಿದರು. ಟೆಡ್ ಹಾರ್ನ್ ನೆಲಕ್ಕೆ ಬಗ್ಗಿದ ವರ್ಷವೇ ಎಂಬುದು ಬರೀ ಕಾಕತಾಳೀಯ. ಅಲ್ಲಿಂದೀಚೆಗೆ ಪ್ರತಿ ವರ್ಷ, ಸುಮಾರು 45-50 ಅಡಿ ಎತ್ತರದ ಮರವೊಂದು ನೋವಾ ಸ್ಕೋಶಿಯಾ ಪ್ರಾಂತ್ಯದಿಂದ ಬಾಸ್ಟನ್ನಿಗೆ ಹೋಗುತ್ತದೆ. ಮರ ಸಾಮಾನ್ಯವಾಗಿ ಯಾರೋ ಒಬ್ಬ ಸಾಧಾರಣ ಗೃಹಸ್ಥರ ಜಾಗದ್ದು. ಕಡಿಯುವ ದಿನ ಶಾಲೆ ಮಕ್ಕಳು ಬಂದು ನಿಲ್ಲುತ್ತಾರೆ. 1917ನ್ನು ಕಂಡವರು ಹೋಗಿಯಾಯಿತು, ಅವರ ಮಕ್ಕಳೂ ಹೆಚ್ಚುಕಮ್ಮಿ ಹೋಗಿಯಾಯಿತು. ಮರ ಮಾತ್ರ ಹೋಗುತ್ತಲೇ ಇದೆ. ಕುಸ್ವಾರ್ ತಟ್ಟೆ ಖಾಲಿ ಕಳಿಸಬಾರದು ಎನ್ನುವ ನಮ್ಮ ಬಾಯಮ್ಮಂದಿರ, ಅಮ್ಮಂದಿರ ಕಾನೂನು ಅಲ್ಲಿಯೂ ಇದ್ದ ಹಾಗಾಯಿತು.

ಇನ್ನು ನಮ್ಮ ಊರಿನ ಮಾತು

ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಹಬ್ಬ ಬಂದರೆ, ಧುರೀಣರ ಹುಟ್ಟುಹಬ್ಬ ಬಂದರೆ, ಆಸ್ಪತ್ರೆ ವಾರ್ಡಿಗೆ ಬ್ರೆಡ್ಡು-ಹಣ್ಣು ಹೋಗುತ್ತದೆ. ಒಂದು ಕಿತ್ತಳೆಗೆ ಎಂಟು ಕೈ. ಹಾಸಿಗೆಯಲ್ಲಿರುವ ರೋಗಿ ಕ್ಯಾಮರಾ ಕಡೆ ತಿರುಗುವವರೆಗೆ ಹಣ್ಣು ಅವನ ಕೈಗೆ ಸಿಗುವುದಿಲ್ಲ. ಸಂಜೆಯೊಳಗೆ ಫೋಟೋ ನಮ್ಮ ಕಚೇರಿಗೆ ಬಂದು ಬಿದ್ದಿರುತ್ತದೆ. ಹಣ್ಣು ತಿಂದವನ ಹಸಿವು ಎಷ್ಟು ಹೊತ್ತು ತಣಿಯಿತೋ, ಪತ್ರಿಕೆಯಲ್ಲಿ ಮುಖ ಬಂದ ನಾಚಿಕೆ ಎಷ್ಟು ದಿನ ಉಳಿಯಿತೋ, ಆ ಲೆಕ್ಕ ಕೇಳಿದವರಿಲ್ಲ.

ಅದೇ ಪೇಟೆಯಲ್ಲಿ ಸದ್ದಿಲ್ಲದ ಕೆಲಸವೂ ನಡೆಯುತ್ತದೆ. ತಿಂಗಳ ಕೊನೆಗೆ ಬಂದ ಗಿರಾಕಿಯ ಹಳೇ ಬಾಕಿ ತೆಗೆಯದೆ ಅಕ್ಕಿ ಕಟ್ಟಿಕೊಡುವ ಜಿನಸಿನವರಿದ್ದಾರೆ. ಎರಡು ರೂಪಾಯಿ ಕಮ್ಮಿ ಬಿದ್ದ ಅಜ್ಜಿಯನ್ನು ಇಳಿಸದೆ, ಇರಲಿ ಅಮ್ಮ ಕೂತ್ಕೊಳ್ಳಿ ಎಂದು ಮುಂದಿನ ಸೀಟಿಗೆ ಹೋಗುವ ಕಂಡಕ್ಟರುಗಳಿದ್ದಾರೆ. ಇವರ ಫೋಟೋ ನಮಗೆ ಬರುವುದಿಲ್ಲ. ಬರಬೇಕೆಂದೂ ಇಲ್ಲ. ಜಗತ್ತಿನ ಅರ್ಧ ವ್ಯವಹಾರ ಇವರ ಮೇಲೆಯೇ ನಿಂತಿದೆ ಎಂದರೆ ಬ್ಯಾಂಕಿನವರು ನಗಬಹುದು. ನಗಲಿ.

ಕ್ರಿಸ್ಮಸ್ ಆಚರಿಸಲು ಕ್ರೈಸ್ತರೇ ಆಗಬೇಕು ಎಂದಿಲ್ಲ, ಗೋದಲಿ ಕಟ್ಟಬೇಕು ಎಂದೂ ಇಲ್ಲ. ಹಬ್ಬದ ಈ ಗಡಿಬಿಡಿಯಲ್ಲಿ ನಿಮ್ಮ ಗಲ್ಲಾದ ಮುಂದೆ ಯಾರಾದರೂ ಜೇಬು ತಡಕುತ್ತ ನಿಂತಾರು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಚಿಲ್ಲರೆ ಎಣಿಸಿ, ಮತ್ತೊಮ್ಮೆ ಎಣಿಸಿ, ಕಿಟಕಿ ಕಡೆ ಮುಖ ತಿರುಗಿಸಿಯಾರು. ಆಗ ಭಾಷಣ ಬೇಡ, ಬುದ್ಧಿವಾದವೂ ಬೇಡ. ಸ್ವಲ್ಪ ಬಗ್ಗಿ, ಏನೋ ಹೆಕ್ಕಿದ ಹಾಗೆ ಮಾಡಿ, ‘ಇದು ನಿಮ್ಮದೇ ಬಿದ್ದದ್ದಾ ನೋಡಿ’ ಎಂದರೆ ಸಾಕು. ಅವರು ಇಳಿದು ಹೋಗಲಿ. ಪುಸ್ತಕದಲ್ಲಿ ಬರೆಯುವುದು ಬೇಡ.