ಅವಸರದವಳೂ ನಿಧಾನದವಳೂ

ರಸಾಯನಶಾಸ್ತ್ರ ಲ್ಯಾಬಿನಲ್ಲಿ ನನ್ನ ಜೊತೆಗಾತಿ ಬಹಳ ನಿಧಾನ. ನನಗೋ ಎಲ್ಲದರಲ್ಲೂ ಅವಸರ. ಪರ್ಮಾಂಗನೇಟ್ ಟೈಟ್ರೇಶನ್ ದಿನ ಆಕ್ಸಾಲಿಕ್ ಆಮ್ಲದ ದ್ರಾವಣ 60 ಡಿಗ್ರಿ ದಾಟಲಿ ಎಂದು ಅವಳು ಕಾಯುತ್ತಿದ್ದಳು. "ಎಷ್ಟೊತ್ತು ಮಾರಾಯ್ತಿ?" ಎಂದು ನಾನೇ ಬ್ಯುರೆಟ್ ತಿರುಗಿಸಿಬಿಟ್ಟೆ. ದ್ರಾವಣ ತಣ್ಣಗಿದ್ದರೆ ಕ್ರಿಯೆ ನಿಧಾನ. ಬಣ್ಣ ಕೂಡಲೇ ಹೋಗುವುದಿಲ್ಲ. ಅದನ್ನೇ ಅಂತ್ಯಬಿಂದು ಎಂದು ಬರೆದೆ. ರೀಡಿಂಗ್ ಒಂದೂ ತಾಳೆಯಾಗಲಿಲ್ಲ. ತಪ್ಪು ನನ್ನದು, ಮುನಿಸಿಕೊಂಡದ್ದೂ ನಾನೇ!

ಮರುವಾರ ಅವಳೇ ಹೇಳಿದಳು: "ನೀನು ಅವಸರ ಮಾಡಿದ್ರೆ ನನ್ನ ಕೈ ನಡುಗ್ತದೆ." ಅದು ನನಗೆ ಗೊತ್ತೇ ಇರಲಿಲ್ಲ.

ಅಂದು ಕೆಲಸ ಹಂಚಿಕೊಂಡೆವು. ಉಪಕರಣ ತೊಳೆದು ಜೋಡಿಸುವುದು, ಲೆಕ್ಕ ಮಾಡುವುದು ನನ್ನ ಪಾಲು. ಬಿಸಿ ಮಾಡುವುದು, ತಿಳಿ ಗುಲಾಬಿ ಬಣ್ಣ ನಿಲ್ಲುವವರೆಗೆ ಹನಿಹನಿಯಾಗಿ ಬಿಡುವುದು ಅವಳ ಪಾಲು. ರೀಡಿಂಗ್ ಮಾತ್ರ ಇಬ್ಬರೂ ನೋಡಬೇಕು. ಬೆಲ್ ಆಗುವ ಮೊದಲೇ ಕೆಲಸ ಮುಗಿಯಿತು, ರೀಡಿಂಗೂ ತಾಳೆಯಾಯಿತು.

ಆದರೆ ಪರೀಕ್ಷೆಯಲ್ಲಿ ಒಬ್ಬೊಬ್ಬರೇ ಮಾಡಬೇಕಲ್ಲ? ಅದಕ್ಕೆ ಈಗ ವಾರಕ್ಕೊಮ್ಮೆ ಪಾಲು ಬದಲಿಸುತ್ತೇವೆ. ನಾನು ಕಾಯುವುದನ್ನು ಕಲಿಯುತ್ತಿದ್ದೇನೆ, ಅವಳು ಗಡಿಯಾರ ನೋಡುವುದನ್ನು. ಗೆಳತಿಯರೇ, ಜೊತೆಯವರ ರೀತಿ ನಿಮ್ಮದರಂತಿಲ್ಲವೇ? ಮುನಿಸಿಕೊಳ್ಳುವ ಮೊದಲು ಒಮ್ಮೆ ಕೇಳಿ: "ನಿನಗೆ ಹೇಗೆ ಮಾಡಿದರೆ ಸುಲಭ?"